ಸಣ್ಣ ಕೆಲಸ ಅಷ್ಟೇ, ಐದೇ ನಿಮಿಷ

ಬಳ್ಳಾರಿಯಲ್ಲಿ ಕೂತು ಸಾಫ್ಟ್‌ವೇರ್ ಕೆಲಸ ಮಾಡುವ ಹುಡುಗರನ್ನು ಕಂಡರೆ ಬೆಂಗಳೂರಿನವರಿಗೆ ಹೊಟ್ಟೆಕಿಚ್ಚು. ಟ್ರಾಫಿಕ್ ಇಲ್ಲ, ಬಾಡಿಗೆ ಕಮ್ಮಿ, ಸಂಜೆ ಆದರೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ. ಎಲ್ಲ ನಿಜ. ಆದರೆ ಸ್ಪ್ರಿಂಟ್ ಮಧ್ಯದಲ್ಲಿ ಬಂದು ಬೀಳುವ ಅರ್ಜೆಂಟ್ ಕೆಲಸಕ್ಕೆ ಊರಿನ ಭೇದವಿಲ್ಲ. ಅದು ಕೌಲ್ ಬಜಾರಿನ ಮಹಡಿ ಮನೆಗೂ ಹುಡುಕಿಕೊಂಡು ಬರುತ್ತದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಸ್ಕ್ರಮ್ ಅಂದರೆ ದೊಡ್ಡ ಕೆಲಸವನ್ನು ಸಣ್ಣ ಸಣ್ಣ ಅವಧಿಗೆ ಹಂಚಿಕೊಂಡು ಮಾಡುವ ಪದ್ಧತಿ. ಆ ಅವಧಿಯೇ ಸ್ಪ್ರಿಂಟ್. ಹೆಚ್ಚೆಂದರೆ ಒಂದು ತಿಂಗಳು, ಬಹಳ ಕಡೆ ಎರಡು ವಾರ. ಕೆನ್ ಶ್ವೇಬರ್ ಮತ್ತು ಜೆಫ್ ಸದರ್ಲ್ಯಾಂಡ್ ಇದಕ್ಕೊಂದು ಸ್ಕ್ರಮ್ ಗೈಡ್ ಬರೆದಿದ್ದಾರೆ. 2020ರಲ್ಲಿ ಅದನ್ನು ತಿದ್ದಿ ಇನ್ನೂ ಚಿಕ್ಕದು ಮಾಡಿದರು, ಪಾಪ, ಮ್ಯಾನೇಜರುಗಳು ಓದಲಿ ಅಂತಲೋ ಏನೋ. ಸ್ಪ್ರಿಂಟಿನ ಗುರಿಗೆ ಧಕ್ಕೆ ತರುವ ಬದಲಾವಣೆ ಮಾಡಬಾರದು ಅಂತ ಅದರಲ್ಲಿದೆ. ಹಾಗಂತ ಹಟವೂ ಇಲ್ಲ. ಕೆಲಸ ಮಾಡುತ್ತಾ ಹೊಸ ವಿಷಯ ತಿಳಿದರೆ ಪ್ರಾಡಕ್ಟ್ ಓನರ್, ಅಂದರೆ ಯಾವ ಕೆಲಸ ಮೊದಲು ಅಂತ ತೀರ್ಮಾನಿಸುವವರ ಜೊತೆ ಮಾತಾಡಿ ಹೆಚ್ಚುಕಮ್ಮಿ ಮಾಡಿಕೊಳ್ಳಬಹುದು. ಗುರಿಯೇ ಹಳಸಿಹೋದರೆ ಇಡೀ ಸ್ಪ್ರಿಂಟನ್ನೇ ರದ್ದು ಮಾಡಬಹುದು. ಆ ಅಧಿಕಾರ ಪ್ರಾಡಕ್ಟ್ ಓನರ್ ಒಬ್ಬರಿಗೇ.

ಬೇಡ ಅನ್ನುವ ಇಷ್ಟು ದೊಡ್ಡ ಅಧಿಕಾರ ಇರುವ ಆ ಮನುಷ್ಯ ನಮ್ಮ ಕಂಪನಿಗಳಲ್ಲಿ ಏನು ಮಾಡುತ್ತಾನೆ? ಪೋಸ್ಟ್‌ಮ್ಯಾನ್ ಕೆಲಸ. ಮೇಲಿನಿಂದ ಬಂದದ್ದನ್ನು ಕೆಳಗೆ ತಲುಪಿಸುತ್ತಾನೆ. "ನಂದೇನಿಲ್ಲಪ್ಪ, ಸಾಹೇಬರು ಹೇಳಿದ್ದು" ಅಂತ ಒಂದು ಸಾಲು ಅಂಟಿಸುತ್ತಾನೆ.

ಕೆಲಸ ಬರುವ ದಾರಿಯನ್ನೂ ನೋಡಬೇಕು. ಟಿಕೆಟ್, ಅಂದರೆ ಕೆಲಸದ ಚೀಟಿ ಬರೆದು ಬ್ಯಾಕ್‌ಲಾಗ್ ಎಂಬ ಬಾಕಿ ಕೆಲಸಗಳ ಪಟ್ಟಿಯಲ್ಲಿ ಸರದಿ ಕಾಯುವುದು ಬಡವರ ದಾರಿ. ದೊಡ್ಡವರದು ವಾಟ್ಸಾಪ್ ವಾಯ್ಸ್ ಮೆಸೇಜ್, ಅದೂ ರಾತ್ರಿ ಊಟದ ಹೊತ್ತಿಗೆ. ಸಾಹೇಬರ ಬೀಗರು ಮದುವೆ ಮನೆಯಲ್ಲಿ ಆ್ಯಪ್ ತೆರೆದರಂತೆ, ಬಟನ್ನಿನ ಹಸಿರು ಕಣ್ಣಿಗೆ ಹೊಡೆಯಿತಂತೆ. ಬದಲಾಯಿಸಿ, ಐದೇ ನಿಮಿಷದ ಕೆಲಸ. ಐದು ನಿಮಿಷ ಅನ್ನುವವರು ಒಬ್ಬರಾದರೂ ಅದನ್ನು ಮಾಡುವವರಾಗಿರುವುದಿಲ್ಲ, ಗಮನಿಸಿದ್ದೀರಾ? ಬಣ್ಣ ಬದಲಾಯಿಸಿ, ಟೆಸ್ಟ್ ಮಾಡಿ, ಬಿಡುಗಡೆ ಮಾಡಿ, ಅರ್ಧಕ್ಕೆ ಬಿಟ್ಟ ಮೊದಲಿನ ಕೆಲಸದ ಎಳೆ ಮತ್ತೆ ಹಿಡಿಯುವಷ್ಟರಲ್ಲಿ ಮಧ್ಯಾಹ್ನ ದಾಟಿರುತ್ತದೆ. ಟಿಕೆಟ್ ಇಲ್ಲವಾದ್ದರಿಂದ ಲೆಕ್ಕದಲ್ಲಿ ಆ ಕೆಲಸ ನಡೆದೇ ಇಲ್ಲ.

ನಮ್ಮೂರು ಜೀನ್ಸಿಗೆ ಹೆಸರಾದ ಊರು. ಬಟ್ಟೆಯನ್ನು ಪದರ ಪದರವಾಗಿ ಹಾಸಿ, ಕಟಿಂಗ್ ಮಾಸ್ತರು ಮಷಿನ್ ಓಡಿಸಿದ ಮೇಲೆ ಯಾವ ಸಾಹುಕಾರನೂ ಬಂದು "30ರ ಸೊಂಟವನ್ನು 36 ಮಾಡಿಬಿಡಪ್ಪ" ಅನ್ನುವುದಿಲ್ಲ. ಅಂದರೆ ಮಾಸ್ತರು ಕತ್ತರಿ ಕೆಳಗಿಟ್ಟು ಬೀಡಿ ಸೇದಲು ಹೋಗುತ್ತಾರೆ. ಬಟ್ಟೆ ಹಾಳಾದರೆ ಕಣ್ಣಿಗೆ ಕಾಣುತ್ತದೆ. ಕೋಡ್ ಹಾಳಾದರೆ ಕಾಣುವುದಿಲ್ಲ, ಮಾಡಿದವನ ನಿದ್ದೆ ಹಾಳಾದರಂತೂ ಇನ್ನೂ ಕಾಣುವುದಿಲ್ಲ.

ನಿಜವಾದ ಅರ್ಜೆಂಟ್ ಹೇಗಿರುತ್ತದೆ ಅಂತ ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಉಳಿದ ಗೇಟುಗಳಿಂದಲೂ ನೀರು ಬಿಟ್ಟು ಒತ್ತಡ ಇಳಿಸಿದರು. ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ಉಕ್ಕಿನ ಅಡ್ಡಹಲಗೆ ಇಳಿಸಿ ಸುಮಾರು ಒಂದು ವಾರದಲ್ಲಿ ಮುಚ್ಚಿದರು. ಆ ವಾರ ಯಾರಾದರೂ ಎಂಜಿನಿಯರುಗಳ ಬಳಿ ಬಂದು "ಜೊತೆಗೆ ಮಿಕ್ಕ 32 ಗೇಟಿಗೆ ಪೇಂಟ್ ಕೂಡ ಮುಗಿಸಿಬಿಡಿ, ಪ್ಲ್ಯಾನಿನಲ್ಲಿತ್ತಲ್ವಾ" ಅಂದ ಸುದ್ದಿ ಇಲ್ಲ. ನಮ್ಮ ಆಫೀಸುಗಳಲ್ಲಿ ಅನ್ನುತ್ತಾರೆ. "ಇದು ಒಳಗೆ ಬಂದರೆ ಯಾವುದನ್ನು ಹೊರಗೆ ಹಾಕಲಿ ಸರ್?" ಅಂತ ಹುಡುಗಿಯೊಬ್ಬಳು ಕೇಳಿದರೆ, ಸಾಹೇಬರಿಗೆ ಅವಳ ಧೋರಣೆಯೇ ಸರಿ ಕಾಣುವುದಿಲ್ಲ. ಯಾವುದನ್ನೂ ಹೊರಗೆ ಹಾಕಬೇಡಿ, ಸ್ವಲ್ಪ ಅಡ್ಜಸ್ಟ್ ಮಾಡಿ.

ಅಡ್ಜಸ್ಟ್ ಮಾಡಿದ ಎರಡು ವಾರ ಮುಗಿದ ಮೇಲೆ ರೆಟ್ರೋ, ಅಂದರೆ ಏನು ಸರಿಹೋಯಿತು ಏನು ತಪ್ಪಿತು ಅಂತ ನೋಡುವ ಸಭೆ. ಒಪ್ಪಿಕೊಂಡ ಕೆಲಸದಲ್ಲಿ ಅರ್ಧ ಆಗಿಲ್ಲ ಯಾಕೆ? ನಿಮ್ಮ ಅಂದಾಜು ಸರಿಯಿಲ್ಲ, ಅಂದಾಜು ಹಾಕುವ ಬಗ್ಗೆ ಒಂದು ತರಬೇತಿ ಕೊಡಿಸೋಣ. ಕೇಳುವವರು ಯಾರು ಅಂತ ಬೇರೆ ಹೇಳಬೇಕೇ? ಹಸಿರು ಬಟನ್ನಿನ ಬೀಗರ ಕಡೆಯವರೇ.

ಒಂದು ತಂಡ ಇದಕ್ಕೆ ಜಾಣ ಉಪಾಯ ಮಾಡಿತು. ಸ್ಪ್ರಿಂಟಿನ ಶೇ. 20 ಭಾಗ ಅನಿರೀಕ್ಷಿತ ಕೆಲಸಕ್ಕೆಂದೇ ಖಾಲಿ ಬಿಡುವುದು, ಅದು ತುಂಬಿದರೆ ಮುಂದಿನದು ಮುಂದಿನ ಸ್ಪ್ರಿಂಟಿಗೆ. ಬಹಳ ತಂಡಗಳು ಮಾಡುವ ಒಳ್ಳೆಯ ಪದ್ಧತಿಯೇ. ಸಾಹೇಬರೂ ಖುಷಿಯಿಂದ ಒಪ್ಪಿದರು. ಪ್ಲ್ಯಾನಿಂಗ್ ಸಭೆ ಮುಗಿಯುವ ಮೊದಲೇ ಆ ಜಾಗಕ್ಕೆ ಸೇಲ್ಸ್‌ನವರ ಎರಡು, ಫೈನಾನ್ಸಿನವರ ಒಂದು ಅನಿರೀಕ್ಷಿತ ಕೆಲಸ ಬುಕ್ ಆಗಿದ್ದವು. ಸಾಹೇಬರಿಗೆ ಜಾಗ ಸಿಗಲಿಲ್ಲ. ದೀಪಾವಳಿ ಹೊತ್ತಿಗೆ ತಮ್ಮದೊಂದು ಅರ್ಜೆಂಟ್ ಬರಲಿದೆ, ಈಗಲೇ ಹೆಸರು ಬರೆದುಕೊಳ್ಳಿ ಅಂದಿದ್ದಾರೆ.