ಹಲ್ಲಿನ ಕಂದು ಕಲೆಗೆ ನಿಂಬೆ–ಉಪ್ಪು ಮದ್ದಲ್ಲ: ಸ್ಪಷ್ಟನೆ

‘ಬೋರ್ ನೀರು ಕುದಿಸಿ ಕುಡೀರಿ, ನಿಂಬೆರಸಕ್ಕ ಉಪ್ಪು ಹಾಕಿ ತಿಕ್ಕರಿ, ಮಕ್ಕಳ ಹಲ್ಲಿನ ಕಂದು ಕಲೆ ಹೋಗ್ತದ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಯಾದಗಿರಿ ಕಡೆ ಹರಿದಾಡುತ್ತಿದೆ. ಎರಡೂ ಸಲಹೆ ತಪ್ಪು.

ಯಾದಗಿರಿ, ಕಲಬುರಗಿ ಜಿಲ್ಲೆಗಳ ಹಲವು ಊರುಗಳ ಅಂತರ್ಜಲದಲ್ಲಿ, ಇಂಥ ಕಲೆಗೆ ಕಾರಣವಾಗುವ ಫ್ಲೋರೈಡ್ ಎಂಬ ಲವಣಾಂಶ ಹೆಚ್ಚಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ದಾಟಬಾರದು. ಬೇರೆ ನೀರೇ ಇಲ್ಲದಿದ್ದರೆ 1.5. ಸುಮಾರು 8 ವರ್ಷದೊಳಗೆ, ಕಾಯಂ ಹಲ್ಲು ಇನ್ನೂ ದವಡೆಯೊಳಗೆ ರೂಪುಗೊಳ್ಳುವಾಗ ಫ್ಲೋರೈಡ್ ಅತಿಯಾದರೆ ಎನಾಮಲ್ (ಹಲ್ಲಿನ ಹೊರಪದರ) ಸರಿಯಾಗಿ ಗಟ್ಟಿಯಾಗದು. ಹಲ್ಲು ಬರುವಾಗಲೇ ಸುಣ್ಣ ಬಳಿದಂಥ ಬಿಳಿ ಗೆರೆಗಳಿರುತ್ತವೆ. ತೀವ್ರವಾಗಿದ್ದರೆ ಬರಬರುತ್ತಾ ಅಲ್ಲಿ ಕಂದು ಬಣ್ಣ ಹಿಡಿಯುತ್ತದೆ, ಸಣ್ಣ ಗುಳಿಗಳೂ ಬೀಳಬಹುದು. ‘ಸರಿಯಾಗಿ ಹಲ್ಲು ತಿಕ್ಕಂಗಿಲ್ಲ’ ಎಂದು ಮಕ್ಕಳನ್ನು ಬೈಯುವುದು ಅನ್ಯಾಯ.

ನಿಂಬೆಯ ಹುಳಿ ಇದ್ದಬದ್ದ ಎನಾಮಲನ್ನೂ ಕರಗಿಸಿ ಹಲ್ಲು ಜುಮ್ಮೆನ್ನುವಂತೆ ಮಾಡುತ್ತದೆ. ಕುದಿಸಿದರೆ ನೀರು ಆವಿಯಾಗುತ್ತದೆಯೇ ಹೊರತು ಫ್ಲೋರೈಡ್ ಅಲ್ಲೇ ಉಳಿದು ಇನ್ನಷ್ಟು ಸಾಂದ್ರವಾಗುತ್ತದೆ. ಅದನ್ನು ತೆಗೆಯುವುದು ಆರ್‌ಒ ಅಥವಾ ಆ್ಯಕ್ಟಿವೇಟೆಡ್ ಅಲ್ಯುಮಿನಾ ಫಿಲ್ಟರ್. ಆಗಲೇ ಮೂಡಿದ ಕಲೆಯನ್ನು ದಂತವೈದ್ಯರು ಮೇಲ್ಪದರ ಉಜ್ಜಿ ತೆಗೆದು, ಬ್ಲೀಚ್ ಮಾಡಿ, ಇಲ್ಲವೇ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಚ್ಚಿ ಸರಿಪಡಿಸುತ್ತಾರೆ.