ಹೊಂಡಕ್ಕೆ ತಪಾಸಣೆ, ಗುಡ್ಡಕ್ಕೆ ನಮಸ್ಕಾರ

ಕೋಲಾರದ ಕಡೆ ರೈತನೊಬ್ಬ ಸಬ್ಸಿಡಿಯಲ್ಲಿ ಕೃಷಿ ಹೊಂಡ ಮಾಡಿಸಿದರೆ ನೀರು ಇಂಗದಂತೆ ಅದಕ್ಕೆ ಹಾಸುವ ಪ್ಲಾಸ್ಟಿಕ್ ಶೀಟಿಗೆ ಸಿಗುವ ಮರ್ಯಾದೆ ಮದುವೆ ಗಂಡಿಗೂ ಸಿಗುವುದಿಲ್ಲ. ದಪ್ಪ ಎಷ್ಟು ಮೈಕ್ರಾನ್, ಬಿಲ್ ಎಲ್ಲಿ, ಪಕ್ಕದಲ್ಲಿ ನಿಂತು ಜಿಪಿಎಸ್ ಫೋಟೊ ತೆಗೆಸಿದ್ದೀರಾ? ನೀರು ನಿಲ್ಲುತ್ತದಾ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಅದೇ ಜಿಲ್ಲೆಯ ಕೆಜಿಎಫ್‌ನಲ್ಲಿ ಸೈನೈಡ್ ಗುಡ್ಡಗಳಿವೆ. ಅರೆದ ಅದಿರಿನಿಂದ ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ, 13 ರಾಶಿ, ಸುಮಾರು 3.3 ಕೋಟಿ ಟನ್. ಗಣಿ ಮುಚ್ಚಿದ್ದು 2001ರಲ್ಲಿ. ಸುರಿಯಲು ಶುರು ಮಾಡಿದ್ದು ಬ್ರಿಟಿಷರ ಕಾಲದಲ್ಲಿ, ಆಗ ನೆಲಕ್ಕೆ ಪ್ಲಾಸ್ಟಿಕ್ ಹಾಸುವ ಪದ್ಧತಿಯೇ ಇರಲಿಲ್ಲ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು ಬಿಡಿ, ಶೀಟೇ ಇಲ್ಲದ ಮೇಲೆ ಹರಿದಿದೆ ಅಂತ ವರದಿ ಬರೆಯುವ ತಲೆನೋವೂ ಇಲ್ಲ, ಅಲ್ವಾ? ಗಾಳಿ ಬೀಸಿದರೆ ಪುಡಿ ಮನೆಯೊಳಗೆ ಬರುತ್ತದೆ. ಸಿನಿಮಾದವರು ಶೂಟಿಂಗ್‌ಗೆ ಬರುತ್ತಾರೆ. ಸಾಹೇಬರು ಸೆಲ್ಫಿಗೆ.

2024ರಲ್ಲಿ ಈ ರಾಶಿಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ರಾಜ್ಯ ಸಂಪುಟ ಒಪ್ಪಿತು. ಮತ್ತೆ ಅರೆದರೆ ಉಳಿದ ಕೆಸರನ್ನು ಎಲ್ಲಾದರೂ ಸುರಿಯಲೇಬೇಕು. ಅದರ ವಿಷ ನೆಲಕ್ಕೆ ಇಳಿಯದಂತೆ ಈ ಸಲ ಕೆಳಗೆ ಒಂದೂವರೆ, ಎರಡು ಮಿಲಿಮೀಟರ್ ದಪ್ಪದ ಕಪ್ಪು ಪ್ಲಾಸ್ಟಿಕ್ ಶೀಟ್ ಬೇಕು, ಅದನ್ನು ನೋಡಲು ಸಮಿತಿಯೂ ಬೇಕು. ಆ ಸಮಿತಿ ನನಗೆ ಈಗಲೇ ಕಾಣುತ್ತಿದೆ. ಶಾಮಿಯಾನ, ಎಳನೀರು, ದೂರದಿಂದಲೇ ಒಂದು ನೋಟ. ‘ಶೀಟ್ ಕಪ್ಪಗಿದೆ, ತೃಪ್ತಿಕರ.’

ಸ್ವಾಮಿ, ಕಪ್ಪಗಿರುವುದು ಬಿಸಿಲು ತಡೆಯಲಿ ಅಂತ ಇಂಗಾಲದ ಪುಡಿ ಬೆರೆಸಿರುವುದಕ್ಕೆ. ಶೀಟ್ ಕೈಕೊಡುವುದು ಹೆಚ್ಚಾಗಿ ಬೆಸುಗೆಯಲ್ಲಿ, ಮೂಲೆಯಲ್ಲಿ, ಪೈಪ್ ಹಾದುಹೋಗುವ ಕಡೆ. ಬಿಸಿಲಿಗೆ ಹಿಗ್ಗಿ ಮಡಿಕೆ ಎದ್ದು, ಅದರ ಮೇಲೆ ಭಾರ ಕೂತರೆ, ಮಡಿಕೆಯ ಏಣಿನಲ್ಲೇ ಕೂದಲೆಳೆಯಷ್ಟು ಬಿರುಕು ಬಿಡಬಹುದು. ಬಗ್ಗಿ ನೋಡಬೇಕು, ಬೆರಳಾಡಿಸಬೇಕು. ಇಸ್ತ್ರಿ ಪ್ಯಾಂಟಿನಲ್ಲಿ ಅದೆಲ್ಲಾ ಕಷ್ಟ. ಅಡಿಯ ಚೂಪು ಕಲ್ಲು ತೂತು ಮಾಡಿದರಂತೂ, ಮೇಲೆ ಕೆಸರು ತುಂಬಿರುವಾಗ, ಯಾರ ಕಣ್ಣಿಗೂ ಕಾಣುವುದಿಲ್ಲ. ಅದಕ್ಕೇ ಎಚ್ಚರದವರು ಎರಡು ಶೀಟ್ ಹಾಸಿ, ನಡುವೆ ಸೋರಿದ ನೀರು ಹರಿದು ಒಂದು ಗುಂಡಿಗೆ ಬಂದು ಬೀಳುವ ಹಾಗೆ ಮಾಡಿರುತ್ತಾರೆ. ಆ ಗುಂಡಿಯಲ್ಲಿ ನೀರು ಜಾಸ್ತಿ ಆಗುತ್ತಾ ಹೋದರೆ ಮೇಲಿನ ಶೀಟ್ ಹೋಯಿತು ಅಂತಲೇ ತಿಳಿಯಬೇಕು.

ನಮ್ಮ ಸಮಿತಿ ಆ ಗುಂಡಿಯನ್ನೂ ಖಂಡಿತ ನೋಡುತ್ತದೆ. ‘ಕೋಲಾರದ ಬರದಲ್ಲೂ ಇಷ್ಟು ನೀರಾ, ಭೇಷ್!’ ಅಂತ ಅಂತರ್ಜಲ ಹೆಚ್ಚಳದ ಕಾಲಂನಲ್ಲಿ ಬರೆದುಕೊಂಡು, ಒಂದು ಫೋಟೊ ತೆಗೆಸಿಕೊಂಡು ಹೋಗುತ್ತದೆ.