ಅಪ್ಪಾಜಿಯೂ ನಕ್ಕರು

ಅಪ್ಪಾಜಿಯ ಕಾಯಿಲೆಗೆ ಪರಿಹಾರ ಕೇಳಲು ಕಚೇರಿಗೆ ಹೋಗಿ, ಮನೆಗೆ ಬಂದು ನಾಲ್ಕು ಗಂಟೆ ಆಯಿತು. ಊಟ ಸೇರಲಿಲ್ಲ. ಆ ನಗು ಇನ್ನೂ ಕಿವಿಯಲ್ಲೇ ಇದೆ.

"ಏನ್ ಅಜ್ಜಾ, ಆಸ್ಬೆಸ್ಟಾಸಾ? ನಮ್ಮನೆ ಮೇಲೂ ಅದೇ ಶೀಟ್ ಐತಿ. ಹಂಗಾದ್ರೆ ನನಗೂ ಪರಿಹಾರ ಕೊಡಿಸ್ತೀರಾ?"

ಕೌಂಟರಿನ ಆ ಕಡೆ ಕೂತವನು ಹೀಗಂದ. ಸಾಲಿನಲ್ಲಿ ನಿಂತವರೆಲ್ಲ ನಕ್ಕರು. ಏನು ಹೇಳಬೇಕೋ ತಿಳಿಯದೆ ಅಪ್ಪಾಜಿಯೂ ನಕ್ಕರು. ನಕ್ಕಿದ್ದೇ ಕೆಮ್ಮು ಹತ್ತಿತು. ಕಟ್ಟೆ ಹಿಡಿದುಕೊಂಡು ಕೆಮ್ಮಿದರು. ಅವನು ತನ್ನ ಟೀ ಲೋಟವನ್ನು ಆಚೆ ಸರಿಸಿಕೊಂಡ. ಬೈದಿದ್ದರೂ ಮರೆಯುತ್ತಿದ್ದೆ. ಆ ಲೋಟ ಸರಿಸಿದ್ದನ್ನು ಮರೆಯಲಾರೆ. ಆಮೇಲೆ ಕೇಳಿದ, "ಬೀಡಿ ಜಾಸ್ತಿ ಸೇದ್ತಿದ್ರಾ?" ಅಪ್ಪಾಜಿ ಬೀಡಿ ಮುಟ್ಟಿದವರೇ ಅಲ್ಲ.

ಈ ಮಾತುಗಳು ಹೊಸದೇನಲ್ಲ. ದಾವಣಗೆರೆಯಲ್ಲಿ ಮೊದಲು ತೋರಿಸಿದಾಗ ಮಂಡಕ್ಕಿ ಭಟ್ಟಿ ಹೊಗೆ ಅಂದರು. ಆಮೇಲೆ ಟಿ.ಬಿ. ಇರಬಹುದು ಅಂದರು. ಕೊನೆಗೆ ಒಬ್ಬ ಡಾಕ್ಟರು ಸ್ಕ್ಯಾನ್ ನೋಡಿ, ಮೊದಲು ಏನು ಕೆಲಸ ಮಾಡ್ತಿದ್ರಿ ಅಂತ ಕೇಳಿದರು. ಅಲ್ಲಿಯ ತನಕ ಯಾರೂ ಕೇಳಿರಲಿಲ್ಲ. ಆಸ್ಬೆಸ್ಟೋಸಿಸ್ ಅಂತ ಬರೆದುಕೊಟ್ಟರು. ಆಸ್ಬೆಸ್ಟಾಸ್, ಅಂದರೆ ಕಲ್ನಾರಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ.

ಶೀಟಿನಲ್ಲಿ ಕಲ್ನಾರಿನ ಎಳೆ ಸಿಮೆಂಟಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಒಡೆದರೆ, ಕೊರೆದರೆ ಏಳುತ್ತದೆ. ಅಪ್ಪಾಜಿ 1986ರಿಂದ 2014ರ ತನಕ ಸ್ಟೀಲ್ ಮಿಲ್ಲಿನಲ್ಲಿ ಮಾಡಿದ್ದು ಏನು ಗೊತ್ತಾ? ಬಿಸಿ ಪೈಪಿನ ಮೇಲಿನ ಹಳೇ ಕಲ್ನಾರು ಬಟ್ಟೆ ಕಿತ್ತು ಹೊಸದು ಸುತ್ತುವುದು. ಫರ್ನೇಸ್ ಬಾಗಿಲಿನ ಸಂದಿಗೆ ಕಲ್ನಾರು ಹಗ್ಗ ತುರುಕುವುದು. ಕೈಗೆ ಅದರದ್ದೇ ಗ್ಲೌಸ್, ಮೂಗಿಗೆ ಟವೆಲ್. ಕಿತ್ತಾಗಲೆಲ್ಲ ಧೂಳು. ಆ ಎಳೆ ಒಳಗೆ ಹೋದರೆ ಶ್ವಾಸಕೋಶದಲ್ಲೇ ಉಳಿಯುತ್ತದೆ. ಕಾಯಿಲೆ ಕಾಣಿಸಿಕೊಳ್ಳಲು ಇಪ್ಪತ್ತು, ಮೂವತ್ತು ವರ್ಷ ಆಗಬಹುದು. ಅದೇ ಧೂಳಿನ ಅಂಗಿಯನ್ನು ಅವ್ವ ಹಿತ್ತಲಲ್ಲಿ ಕೊಡವಿ ಒಗೆಯುತ್ತಿದ್ದಳು. ಅದನ್ನು ಯೋಚಿಸಲೂ ನನಗೆ ಭಯ.

ಜಯದೇವ ಸರ್ಕಲ್ ದಾಟುವ ತನಕ ಅಪ್ಪಾಜಿ "ಹೋಗ್ಲಿ ಬಿಡಪ್ಪಾ" ಅನ್ನುತ್ತಲೇ ಇದ್ದರು. ಬಿಟ್ಟುಬಿಡೋಣ ಅಂತ ನನಗೂ ಅನ್ನಿಸಿತು. ದುಡ್ಡು ಬಂದರೆ ಉಸಿರು ಬರುತ್ತದಾ?

ಆದರೆ ಯಾಕೆ ಬಿಡಬೇಕು? ಅಪ್ಪಾಜಿ ದುಡಿಯುತ್ತಿದ್ದಾಗ ಇದ್ದ 1923ರ ಪರಿಹಾರ ಕಾಯ್ದೆಯಲ್ಲೇ ಈ ಕಾಯಿಲೆಯ ಹೆಸರಿತ್ತು. ಗುತ್ತಿಗೆದಾರನ ಕೈಕೆಳಗೆ ದುಡಿದವರಿಗೂ ಮಿಲ್ಲಿನವರೇ ಹೊಣೆ ಅಂತ ಅದರ 12ನೇ ಸೆಕ್ಷನ್ ಹೇಳುತ್ತಿತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಸ್ಪಷ್ಟವಾಗಿ ಹೇಳಿದೆ. ಕಲ್ನಾರಿನ ಕೆಲಸಗಾರರ ಆರೋಗ್ಯದ ದಾಖಲೆಯನ್ನು ಸೇರಿದಾಗಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತದೋ ಅಲ್ಲಿಯ ತನಕ ಇಟ್ಟಿರಬೇಕು. ಅಪ್ಪಾಜಿ ಲೆಕ್ಕದಲ್ಲಿ 2029. ಮಿಲ್ಲಿನವರು "ಹಳೇ ಕಾಗದ ರದ್ದಿಗೆ ಹೋಯ್ತು" ಅನ್ನುತ್ತಾರೆ. ರದ್ದಿಗೆ ಹಾಕಿ ಅಂತ ಹೇಳಿದ್ದು ಯಾರು? ಮಿಲ್ಲಲ್ಲಿ ದುಡಿದವರು, ಅವರ ಮಕ್ಕಳು, ವಕೀಲರು, ಯಾರಾದರೂ ಇದಕ್ಕೆ ಉತ್ತರ ಹೇಳಿ. ಸುಮ್ನೆ ಅಯ್ಯೋ ಪಾಪ ಅನ್ನಬೇಡಿ.

ಆ ಕಚೇರಿಗೆ ನಾನು ಮತ್ತೆ ಕಾಲಿಡುವುದಿಲ್ಲ.

ಇಲ್ಲ, ಸೋಮವಾರ ಹೋಗುತ್ತೇನೆ. ಅಪ್ಪಾಜಿಯನ್ನು ಮಾತ್ರ ಕರೆದುಕೊಂಡು ಹೋಗುವುದಿಲ್ಲ. ಟ್ರಂಕಿನಲ್ಲಿ ಹಳೇ ಪಿ.ಎಫ್. ಚೀಟಿ ಇರಬೇಕು ಅಂತ ಅವ್ವ ಅಂದಳು. ಅದರಲ್ಲಿ ಕೆಲಸಕ್ಕೆ ಸೇರಿದ ತಾರೀಕು ಇದೆಯಂತೆ. ಈಗ ಅದನ್ನೇ ಹುಡುಕುತ್ತಿದ್ದೇನೆ.